ಹೆಣಿಗೆಯ ಋಣ

ಕಳೆದ ವರ್ಷದ ಸಂಕ್ರಾಂತಿಗೆ ನಮ್ಮ ಮನೆಯಲ್ಲೊಂದು ವ್ಯಾಪಾರ ಹುಟ್ಟಿತು. ಈ ಸಂಕ್ರಾಂತಿಗೆ ಅದಕ್ಕೆ ವರ್ಷ ತುಂಬಿತು. ಅಂಗಡಿಯಿಲ್ಲ, ಬೋರ್ಡಿಲ್ಲ, ತಕ್ಕಡಿಯೂ ಇಲ್ಲ. ಒಂದು ಕ್ರೋಶಾ ಕಡ್ಡಿ, ನಾಲ್ಕಾರು ನೂಲಿನ ಉಂಡೆ, ಮಗನ ಹಳೆಯ ಕಂಪ್ಯೂಟರು, ಇಷ್ಟೇ ಬಂಡವಾಳ. ನಾವು ಹೆಣೆದ ವಸ್ತುವನ್ನು ಮಾರುವುದಿಲ್ಲ. ಅದನ್ನು ಹೆಣೆಯುವ ಬಗೆಯನ್ನು ಬರೆದು, ಚಿತ್ರ ಹಾಕಿ, ಅಂಥ ಬರಹವನ್ನು ಇಂಟರ್ನೆಟ್ಟಿನ ಮೂಲಕ ಮಾರುತ್ತೇವೆ. ಇದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ನಾವು ನಮೂನೆ ಎನ್ನೋಣ.

ಇಲ್ಲಿ ‘ನಾವು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ನೌಕರರ ನಡತೆ ನಿಯಮಗಳು, 1964ರ ಪ್ರಕಾರ ಗುಮಾಸ್ತನಾದವನು ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮನೆಮಂದಿಯಲ್ಲಿ ಯಾರಾದರೂ ಮಾಡಿದರೆ ಕಚೇರಿಗೆ ತಿಳಿಸಬೇಕು. ತಿಳಿಸಿದ್ದಾಗಿದೆ. ವ್ಯಾಪಾರ ಮನೆಯಾಕೆಯದು, ಖಾತೆಯೂ ಆಕೆಯದು. ಅದರ ಹೆಸರನ್ನು ಇಲ್ಲಿ ಬರೆದರೆ ಪ್ರಚಾರ ಮಾಡಿದ ಹಾಗಾದೀತೆಂದು ಅದನ್ನೂ ಬಿಟ್ಟಿದ್ದೇವೆ. ಆದರೂ ಈ ಲೇಖನದಲ್ಲಿ ‘ನಾವು’ ಎಂದೇ ಬರೆಯುತ್ತೇವೆ. ಲಾಭ ಯಾರ ಖಾತೆಗೆ ಹೋದರೇನು, ಈಗ ಹೇಳಹೊರಟಿರುವ ತಪ್ಪಿನಲ್ಲಿ ಇಬ್ಬರಿಗೂ ಪಾಲಿದೆ.

‘ಹೆಣೆಯುವ ಬಗೆಗೂ ದುಡ್ಡೇ?’ ಎಂದು ನಮ್ಮ ಹೈದರಾಬಾದಿನ ಕನ್ನಡ ಬಳಗದಲ್ಲಿಯೇ ಹಲವರು ಕೇಳಿದರು. ಪ್ರಶ್ನೆ ಸಹಜವಾದದ್ದು. ನಮ್ಮ ತಾಯಂದಿರ ಕಾಲದಲ್ಲಿ ರೇಡಿಯೋದ ಮೇಲಿನ ಹೊದಿಕೆಯಾಗಲಿ, ಬಾಗಿಲ ತೋರಣವಾಗಲಿ, ಒಬ್ಬರ ಮನೆಯಲ್ಲಿ ಕಂಡದ್ದು ಮರುವಾರ ಇನ್ನೊಬ್ಬರ ಮನೆಯಲ್ಲಿ ಕಾಣುತ್ತಿತ್ತು. ‘ಇಲ್ಲಿ ಎಷ್ಟು ಚೈನ್ ಹಾಕಿದಿರಿ?’ ಎಂಬ ಪ್ರಶ್ನೆಗೆ ಉತ್ತರವನ್ನೂ ಜೊತೆಗೊಂದು ಲೋಟ ಚಹವನ್ನೂ ಕೊಡುವುದು ವಾಡಿಕೆ. ಅದಕ್ಕೆ ಬೆಲೆ ಕಟ್ಟುವುದೆಂದರೆ ಬಾವಿಯ ನೀರಿಗೆ ಬಿಲ್ಲು ಬರೆದಂತೆ.

ಆದರೆ ಬರೆಯಲು ಕುಳಿತ ಮೇಲೆ ತಿಳಿಯಿತು, ಹೆಣೆಯುವುದು ಬೇರೆ, ಇನ್ನೊಬ್ಬರು ಹೆಣೆಯುವಂತೆ ಬರೆಯುವುದು ಬೇರೆ. ಮೊದಲ ತಿಂಗಳಲ್ಲಿಯೇ ಇದರ ಪಾಠ ಸಿಕ್ಕಿತು. ದುಂಡನೆಯ ಮೇಜಿನ ಹಾಸೊಂದರ ನಮೂನೆಯಲ್ಲಿ ‘ಡಬಲ್ ಕ್ರೋಶಾ’ ಎಂದು ಬರೆದಿದ್ದೆವು. ಅಮೆರಿಕದವರು ಸಿಂಗಲ್ ಎನ್ನುವ ಗಿಡ್ಡ ಹೆಣಿಗೆಯನ್ನೇ ಇಂಗ್ಲೆಂಡಿನವರು ಡಬಲ್ ಎನ್ನುತ್ತಾರೆ. ನಾವು ಅಮೆರಿಕದ ಪುಸ್ತಕ ನೋಡಿ ಬರೆದಿದ್ದೆವು. ಕೊಂಡವರೊಬ್ಬರು ಇಂಗ್ಲಿಷ್ ಪದ್ಧತಿಯಲ್ಲಿ ಕಲಿತ ಹಿರಿಯ ಮಹಿಳೆ. ಎತ್ತರದ ಹೆಣಿಗೆಯಲ್ಲಿ ಸುತ್ತಿಗೆ 12ರಂತೆ ಹೆಚ್ಚಿಸುತ್ತ ಹೋದರೆ ವೃತ್ತ ಸಮತಟ್ಟಾಗಿರುತ್ತದೆ. ಗಿಡ್ಡ ಹೆಣಿಗೆಗೆ 6 ಸಾಕು. ಪಾಪ, ಅವರು ಗಿಡ್ಡ ಹೆಣಿಗೆಗೆ 12 ಹೆಚ್ಚಿಸುತ್ತ ಹೋದರು. ಹಾಸು ಎಲೆಕೋಸಿನಂತೆ ಅಲೆಯಲೆಯಾಗಿ ಮುದುಡಿ ನಿಂತಿತು. ಬಿ.ಎಸ್ಸಿ. ಓದಿದವರಿಗೆ ಇದರಲ್ಲಿ ಸ್ವಾರಸ್ಯವಿದೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೈನಾ ತೈಮಿನಾ ಎಂಬ ಗಣಿತಜ್ಞೆ ಇಂಥದೇ ಅಲೆಗಳನ್ನು ಕ್ರೋಶಾದಲ್ಲಿ ಹೆಣೆದು ಯೂಕ್ಲಿಡ್‌ನಿಗೆ ಹೊರತಾದ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಆದರೆ ನಮ್ಮ ಗಿರಾಕಿಗೆ ಬೇಕಾಗಿದ್ದುದು ಜ್ಯಾಮಿತಿಯಲ್ಲ, ಹೂದಾನಿಯ ಕೆಳಗೆ ಹಾಸಲು ಒಂದು ಬಟ್ಟೆ. ಹಣ ಹಿಂತಿರುಗಿಸಿ ಕ್ಷಮೆ ಕೇಳಿದೆವು. ಅವರ ಹತ್ತು ದಿನದ ಸಂಜೆಗಳನ್ನು ಹಿಂತಿರುಗಿಸುವ ಉಪಾಯ ಇರಲಿಲ್ಲ.

ಅಂದಿನಿಂದ ಒಂದು ವಿಷಯ ಸ್ಪಷ್ಟವಾಯಿತು. ನಮೂನೆ ಎಂಬುದು ಒಂದು ಭರವಸೆ. ‘ಹೀಗೆ ಮಾಡಿದರೆ ಹೀಗಾಗುತ್ತದೆ’ ಎಂದು ನಾವು ಕಾಣದ ಒಬ್ಬರಿಗೆ ಮಾತು ಕೊಡುತ್ತೇವೆ. ಆ ಮಾತನ್ನು ಉಳಿಸಿಕೊಳ್ಳಲು ಮೂರು ಸಲ ಹೆಣೆದು ಬಿಚ್ಚಬೇಕು, ಎಣಿಸಬೇಕು, ಬೇರೆಯವರಿಂದ ಹೆಣೆಸಿ ನೋಡಬೇಕು. ಇದು ದುಡಿಮೆ. ದುಡಿಮೆಗೆ ಕೂಲಿ ಕೇಳುವುದರಲ್ಲಿ ನಾಚಿಕೆಯೇನು? ಹೀಗೆಂದು ಸಮಾಧಾನ ಮಾಡಿಕೊಂಡೆವು.

ಶ್ರಾವಣದಲ್ಲಿ ತಾವರೆ ತೋರಣದ ನಮೂನೆ ಹೊರಬಂತು. ವರ್ಷದುದ್ದಕ್ಕೂ ಒಂಬತ್ತು ನಮೂನೆಗಳು ಸೇರಿ 214 ಪ್ರತಿ ಹೋದುವು, ಒಂದಕ್ಕೆ 120 ರೂಪಾಯಿ. ಅದರಲ್ಲಿ ತಾವರೆಯೊಂದೇ 131. ಅಂದರೆ ಒಟ್ಟು 25,680 ರೂಪಾಯಿಯಲ್ಲಿ 15,720 ತಾವರೆಯದು. ದೊಡ್ಡ ಮೊತ್ತವೇನಲ್ಲ. ಆದರೆ ಇಪ್ಪತ್ತು ವರ್ಷ ‘ಮನೆಯಲ್ಲೇ ಇರುತ್ತಾರೆ’ ಎನಿಸಿಕೊಂಡ ಹೆಣ್ಣುಮಗಳಿಗೆ ತನ್ನ ಕೈಯ ಮೊದಲ ಹಣ ಎಷ್ಟು ದೊಡ್ಡದೆಂಬುದನ್ನು ಲೆಕ್ಕದ ಪುಸ್ತಕ ಹೇಳಲಾರದು.

ದಸರೆಯ ಹೊತ್ತಿಗೆ ಹೊಡೆತ ಬಿತ್ತು. ಯಾರೋ ಒಬ್ಬಾಕೆ ಒಂದು ಪ್ರತಿ ಕೊಂಡು, ಅದನ್ನು ಫೋನಿನ ಒಂದು ಗುಂಪಿನಲ್ಲಿ ಎಲ್ಲರಿಗೂ ಹಂಚಿಬಿಟ್ಟಿದ್ದರು. ಆ ವಾರದಿಂದ ಮಾರಾಟ ನಿಂತಿತು. ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಳ್ಳತನ ಎಂಬ ಮಾತನ್ನು ನಾವು ಎಷ್ಟು ಸಲ ಆಡಿದೆವೋ ದೇವರಿಗೇ ಗೊತ್ತು. 1957ರ ಕೃತಿಸ್ವಾಮ್ಯ ಕಾಯಿದೆಯನ್ನು ತೆಗೆದು ಓದಿದ್ದೂ ಆಯಿತು. ನಾವು ಬರೆದ ವಾಕ್ಯಗಳೂ ಚಿತ್ರಗಳೂ ನಮ್ಮವು, ಹಂಚಿದ್ದು ತಪ್ಪು. ಹೂವು ಹೆಣೆಯುವ ಉಪಾಯ ಮಾತ್ರ ಯಾರ ಸ್ವತ್ತೂ ಅಲ್ಲ. ಇದು ಕಾನೂನು.

ಆ ಹಂಚಿಕೆ ಊರೂರು ಸುತ್ತಿ ಲಿಂಗಸುಗೂರಿಗೂ ಹೋಯಿತು. ಅಲ್ಲಿ ಮನೆಯಾಕೆಯ ಕಾಕಿ ಇದ್ದಾರೆ, ಎಪ್ಪತ್ತು ದಾಟಿದವರು. ಅವರ ಸೊಸೆ ಫೋನು ನೋಡುತ್ತ ತೋರಣ ಹೆಣೆಯತೊಡಗಿದ್ದರಂತೆ. ಕಾಕಿ ನೋಡಿದರು. ಮರುದಿನ ನಮಗೆ ಫೋನು ಬಂತು.

‘ಏನವ್ವಾ, ನನ್ನ ತಾವರಿ ಹೂವಿಗೆ ರೊಕ್ಕ ತಗೋಳಾಕ್ಹತ್ತೀ ಅಂತಲ್ಲ?’

ಸಿಟ್ಟಿನ ಮಾತಲ್ಲ. ಆದರೆ ನಮ್ಮ ಮನೆಯಲ್ಲಿ ಅಂದು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆ ಹೂವು ಕಾಕಿಯದೇ. ಬೇಸಿಗೆ ರಜೆಯಲ್ಲಿ ಪಡಸಾಲೆಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು, ತಪ್ಪಿದಾಗ ಬಿಚ್ಚಿಸಿ, ಹನ್ನೆರಡು ವರ್ಷದ ಹುಡುಗಿಗೆ ಅವರು ಕಲಿಸಿದ್ದು. ನಮೂನೆಯ ಮೊದಲ ಪುಟದಲ್ಲಿ ನಾವು ಅಚ್ಚುಕಟ್ಟಾಗಿ ‘ವಿನ್ಯಾಸ’ ಎಂದು ಬರೆದು ಅದರ ಮುಂದೆ ಒಂದೇ ಹೆಸರು ಹಾಕಿದ್ದೆವು. ಅದು ಕಾಕಿಯ ಹೆಸರಾಗಿರಲಿಲ್ಲ. ಮುಚ್ಚಿಡಬೇಕೆಂದು ಮಾಡಿದ್ದಲ್ಲ, ನೆನಪೇ ಆಗಿರಲಿಲ್ಲ. ಮರೆತದ್ದು ಮುಚ್ಚಿಟ್ಟದ್ದಕ್ಕಿಂತ ಹಗುರವೇ ಎಂದು ಈಗಲೂ ಯೋಚಿಸುತ್ತೇವೆ.

ಇಂಥ ಮರೆವು ನಮ್ಮಿಂದ ಶುರುವಾದದ್ದಲ್ಲ. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳು ಕಲಿಸಿದ ಕ್ರೋಶಾ ಲೇಸು ಇಂದಿಗೂ ನಡೆದಿದೆ. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಅಲ್ಲಿನ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನಕ್ಕೆ ಆರೆಂಟು ಗಂಟೆ ಹೆಣೆದು ಹೊರದೇಶಗಳಿಗೆ ಸರಕು ಒದಗಿಸುತ್ತಿದ್ದ ಅವರನ್ನು ಕೆಲಸಗಾರರೆಂದು ಯಾರೂ ಎಣಿಸಿರಲಿಲ್ಲ. ‘ಮನೆಯಲ್ಲಿ ಕುಳಿತ ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ’ ಎಂಬುದೇ ಎಲ್ಲರ ನಂಬಿಕೆ. ಆ ನಂಬಿಕೆಯ ಆಸರೆಯಲ್ಲಿ ಅವರಿಗೆ ಸಿಗುತ್ತಿದ್ದುದು ಹೊಲದ ಕೂಲಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮಟ್ಟಕ್ಕಿಂತಲೂ ಬಹಳ ಕಡಿಮೆ. ಹೆಸರಿಲ್ಲದ ಕೈ ಅಗ್ಗದ ಕೈ. ಇದನ್ನು ಓದಿ ನಾವು ವರ್ತಕರನ್ನು ಬೈದಿದ್ದೆವು. ಕಾಕಿಯ ಫೋನು ಬಂದ ಮೇಲೆ ಬೈಗುಳವನ್ನು ಸ್ವಲ್ಪ ಹಿಂತೆಗೆದುಕೊಳ್ಳಬೇಕಾಯಿತು.

ಹಾಗಾದರೆ ಆ 15,720ರಲ್ಲಿ ನಮ್ಮದೆಷ್ಟು? ಹಿಂದಿನವರು ಋಷಿಋಣ ಎಂದರು; ಕಲಿತ ವಿದ್ಯೆಯನ್ನು ಮುಂದಿನವರಿಗೆ ಕಲಿಸಿದರೆ ಆ ಸಾಲ ತೀರಿತು ಎಂದರು. ಆದರೆ ಸಂಬಳ ಹಿಡಿದು ಕಲಿಸುವವನನ್ನು ಧರ್ಮಶಾಸ್ತ್ರದವರು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಟ್ಟರು. ಅವರ ಮಾತು ಹಿಡಿದರೆ ನಾವು ಕಡ್ಡಿ ಕೆಳಗಿಡಬೇಕು. ಶರಣರು ಬೇರೆ ದಾರಿ ಹೇಳಿದರು. ಕಾಯಕ ಮಾಡು, ಉಣ್ಣು, ಮಿಕ್ಕದ್ದು ನಿನ್ನದೆನ್ನಬೇಡ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದವರೆಂದು ಹೇಳುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಒಂದು ದಿನ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ಕಾನೂನಿನ ಲೆಕ್ಕದಲ್ಲಿ ತಪ್ಪೂ ಆಗಿರಲಿಲ್ಲ. ಆದರೂ ತಮ್ಮದೆಷ್ಟು ಎಂಬ ಅಳತೆ ಅವಳ ಮನಸ್ಸಿನಲ್ಲಿತ್ತು. ನಮ್ಮ ಮನಸ್ಸಿನಲ್ಲಿ ಅದಿರಲಿಲ್ಲ.

ಕೊನೆಗೆ ಗುಮಾಸ್ತರ ರೀತಿಯಲ್ಲಿಯೇ ಒಂದು ಲೆಕ್ಕ ಹಾಕಿದೆವು. ಬರೆದದ್ದಕ್ಕೆ ಒಂದು ಪಾಲು, ನೂಲು ಮತ್ತು ಪರೀಕ್ಷೆಗೆ ಒಂದು ಪಾಲು, ಹೂವಿಗೆ ಒಂದು ಪಾಲು. ಹೂವಿನ ಪಾಲು 5,240 ರೂಪಾಯಿ. ಹೀಗೇ ಏಕೆ ಹಂಚಬೇಕೆಂದು ಕೇಳಿದರೆ ಉತ್ತರವಿಲ್ಲ. ಕಾರ್ತಿಕದಲ್ಲಿ ಊರಿಗೆ ಹೋಗಿ ಹಣವನ್ನು ಕಾಕಿಯ ಮುಂದಿಟ್ಟೆವು. ‘ಛೇ, ನಿಮ್ಮ ಹತ್ತಿರ ತಗೋತೀನೇನು’ ಎಂದಾರೆಂದು ಒಳಗೊಳಗೇ ನಂಬಿದ್ದೆವು. ಕಾಕಿ ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡರು.

‘ಕೇಳಿದ್ರ ಸುಮ್ನ ಕೊಡ್ತಿದ್ದೆ. ಕೇಳ್ಲಿಲ್ಲ. ಅದಕ್ಕ ರೊಕ್ಕ ತಗೋತೀನಿ.’

ಊಟವಾದ ಮೇಲೆ, ಆ ಹೂವು ಅವರಿಗೆ ಎಲ್ಲಿಂದ ಬಂತೆಂದು ಕೇಳಿದೆವು. ಹುಡುಗಿಯಾಗಿದ್ದಾಗ ಮಿಶನ್ ಆಸ್ಪತ್ರೆಯ ನರ್ಸಮ್ಮನ ಮನೆಯ ಕಿಟಕಿ ಪರದೆ ನೋಡಿ ನೋಡಿ ಎಣಿಸಿಕೊಂಡದ್ದಂತೆ.

‘ಆಕೀನ್ನ ನೀವು ಕೇಳಿದ್ರೇನು ಕಾಕಿ?’

ಕಾಕಿ ಸ್ವಲ್ಪ ಹೊತ್ತು ಅಡಕೆ ಅಗಿದರು. ‘ಇಲ್ಲ. ಆದ್ರ ನಾ ಅದನ್ನ ಮಾರ್ಲಿಲ್ಲಲ್ಲ’ ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಈ ಮಾತೇ ತಲೆಯಲ್ಲಿ. ಕಾಕಿಯ ಅಳತೆಯಿಂದ ಅಳೆದರೆ, ಗುಂಪಿನಲ್ಲಿ ಹಂಚಿದ ಆ ಹೆಣ್ಣುಮಗಳೂ ಮಾರಿದವಳಲ್ಲ. ನಾವು ಕಳ್ಳಿ ಎಂದು ಕರೆದವಳಿಗಿಂತ ನಮ್ಮ ತಪ್ಪೇ ಒಂದು ಗುಲಗಂಜಿ ಹೆಚ್ಚಾಯಿತು. ಹಾಗೆಂದು ಆಕೆ ಮಾಡಿದ್ದು ಸರಿಯೇ? ನಮ್ಮ ಬರಹದ ಹಿಂದಿನ ಆರು ವಾರದ ದುಡಿಮೆ ಸುಳ್ಳೇ? ಅಲ್ಲ. ಹೂವಿನ ಮೇಲೆ ನಮಗೆ ಒಡೆತನವಿಲ್ಲ, ಬರಹದ ಮೇಲಿದೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ‘ನಮ್ಮದು’ ಎಂದದ್ದೇ ತಪ್ಪು. ಆಕೆಗೆ ಬರೆದೆವು, ಸಿಟ್ಟು ಬಿಟ್ಟು. ‘ಇದು ಎಲ್ಲರ ಮನೆಯ ಹಳೆಯ ಹೂವಲ್ಲವೇ, ನಮ್ಮಜ್ಜಿಯೂ ಹಾಕುತ್ತಿದ್ದರು’ ಎಂದು ಉತ್ತರ ಬಂತು. ಅದೂ ನಿಜವಿರಬಹುದು. ಗುಂಪಿನಿಂದ ತೆಗೆದಿದ್ದಾರೋ ಇಲ್ಲವೋ ನಾವು ಮತ್ತೆ ನೋಡಲಿಲ್ಲ.

ಈಗ ಪ್ರತಿ ನಮೂನೆಯ ಮೊದಲ ಪುಟದಲ್ಲಿ ಯಾರಿಂದ ಕಲಿತದ್ದೆಂದು ಬರೆಯುತ್ತೇವೆ. ತಾವರೆಯ ಪುಟದಲ್ಲಿ ಕಾಕಿಯ ಹೆಸರಿದೆ, ಹೆಸರು ತಿಳಿಯದ ನರ್ಸಮ್ಮನೂ ಇದ್ದಾರೆ. ನಮೂನೆಗಳನ್ನು ಪರೀಕ್ಷೆಗಾಗಿ ಹೆಣೆದು ಕೊಡುತ್ತಿದ್ದ ನಾಲ್ವರು ಗೆಳತಿಯರಿಗೆ ಇನ್ನು ಮುಂದೆ ನಮೂನೆಗೆ 500 ರೂಪಾಯಿ ಎಂದು ನಿಶ್ಚಯಿಸಿದೆವು. ಮೂವರು ಒಪ್ಪಿದರು. ನಾಲ್ಕನೆಯವರು, ‘ನಮ್ಮನ್ನು ಕೂಲಿಯವರು ಮಾಡಿದಿರಾ?’ ಎಂದು ಮುಖ ತಿರುಗಿಸಿದರು. ಈಗ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕರೂ ಮಾತು ಅಷ್ಟಕ್ಕಷ್ಟೆ. ಕೊಡದಿದ್ದರೆ ಒಂದು ಅನ್ಯಾಯ, ಕೊಟ್ಟರೆ ಇನ್ನೊಂದು ನೋವು. ಇದಕ್ಕೆ ನಮ್ಮಲ್ಲಿ ಸೂತ್ರವಿಲ್ಲ.

1938ರಿಂದ ನಡೆದುಬಂದಿರುವ ನಮ್ಮೂರ ನುಮಾಯಿಶ್‌ಗೆ ಈ ಜನವರಿಯಲ್ಲಿಯೂ ಹೋಗಿದ್ದೆವು. ನರಸಾಪುರದ ಲೇಸಿನ ಮಳಿಗೆಯಲ್ಲಿ ಒಂದು ಕೈವಸ್ತ್ರ ಕೊಂಡೆವು. ಅದರ ಅಂಚಿನಲ್ಲೊಂದು ಬಳ್ಳಿ ಇದೆ, ನಾವು ಎಲ್ಲಿಯೂ ಕಂಡಿರದಂಥದು. ಮನೆಯಾಕೆ ಎರಡು ಸಂಜೆಯಲ್ಲಿ ಅದನ್ನು ಎಣಿಸಿ ಬಿಡಬಲ್ಲಳು. ಹೆಣೆದವಳು ಯಾರೆಂದು ಮಳಿಗೆಯವನನ್ನು ಕೇಳಿದೆವು. ‘ಅಲ್ಲಿ ಮನೆ ಮನೆಯಲ್ಲೂ ಮಾಡ್ತಾರಮ್ಮಾ, ಯಾರು ಅಂತ ಹೇಳಲಿ?’ ಎಂದ.

ಕೈವಸ್ತ್ರ ಮೇಜಿನ ಮೇಲಿದೆ. ಎಣಿಸುವುದಕ್ಕೆ ಇನ್ನೂ ಕೈಹಾಕಿಲ್ಲ. ಕೇಳಿ ಪಡೆಯಬೇಕೆಂಬ ಪಾಠ ಕಲಿತೆವು. ಆದರೆ ಯಾರನ್ನು ಕೇಳಬೇಕೆಂದೇ ತಿಳಿಯದಾಗ ಏನು ಮಾಡಬೇಕು? ಓದುಗರಲ್ಲಿ ಯಾರಿಗಾದರೂ ಉತ್ತರ ಹೊಳೆದರೆ ತಿಳಿಸಿ. ಅಲ್ಲಿಯವರೆಗೆ ಅದು ಹಾಗೆಯೇ ಇರಲಿ.