ಒಬ್ಬನ ಕರ್ಮ, ಕುಲದ ತಲೆಗೆ

ಒಬ್ಬ ಮಾಡಿದ ಪಾಪಕ್ಕೆ ಅವನ ಕುಲವೆಲ್ಲ ಹೊಣೆಯೇ? ಮಾಡಿದವನೇ ಉಣ್ಣಬೇಕು ಎನ್ನುತ್ತದೆ ಕರ್ಮಸಿದ್ಧಾಂತ. ಕುರಾನ್ ಕೂಡ ಪಾಪದ ಹೊರೆಯನ್ನು ಅವರವರ ಹೆಗಲಿಗೇ ಬಿಡುತ್ತದೆ. ಬಳ್ಳಾರಿ ಜಿಲ್ಲೆಯ ಕುರುಗೋಡಿನ ದೊಡ್ಡಬಸವೇಶ್ವರನಿಗೆ ಕೈಮುಗಿಯುವವರಿಗೂ ಸಿರುಗುಪ್ಪದ ಮಸೀದಿಯಲ್ಲಿ ನಮಾಜು ಮಾಡುವವರಿಗೂ ಈ ವಿಷಯದಲ್ಲಿ ಜಗಳವಿಲ್ಲ. ಹಾಗಿದ್ದೂ ಪತ್ರಿಕೆಯ ತಲೆಬರಹವೊಂದು ಆರೋಪಿಯ ಹೆಸರಿಗಿಂತ ಮುಂಚೆ ಅವನ ಜಾತಿ, ಧರ್ಮವನ್ನು ನಿಲ್ಲಿಸಿದಾಗ ನಾವು ತಕರಾರಿಲ್ಲದೆ ಓದಿಬಿಡುತ್ತೇವೆ. ದ್ವೇಷದ ಬರಹ ಕಾನೂನಿನ ಪ್ರಶ್ನೆ ಹೌದು. ಅದಕ್ಕೂ ಮೊದಲು ಅದು ಧರ್ಮದ ಪ್ರಶ್ನೆ.

ಕುಲವನ್ನೇ ದೂರುವ ಈ ಚಾಳಿ ಹೊಸದಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಆ ಪ್ರಾಂತ್ಯಕ್ಕೆ 1911ರಲ್ಲಿ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಕೊರವರಂಥ ಸಮುದಾಯಗಳ ಮಕ್ಕಳು ಹುಟ್ಟುತ್ತಲೇ ಕಳ್ಳರೆನಿಸಿಕೊಂಡರು. 1952ರಲ್ಲಿ ದೇಶದೆಲ್ಲೆಡೆ ಆ ಕಾಯ್ದೆ ರದ್ದಾಯಿತು, ಅದು ಕಲಿಸಿದ ಅನುಮಾನ ರದ್ದಾಗಲಿಲ್ಲ. 2020ರ ಮಾರ್ಚ್ ಕೊನೆಗೆ ತಬ್ಲೀಗಿ ಜಮಾತ್‌ನ ಕೇಂದ್ರವಾದ ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನ ಕೊರೊನಾ ಸೋಂಕಿನ ಸುದ್ದಿ ಬಂದಾಗ ಅದೇ ತರ್ಕ ಮತ್ತೆ ತಲೆಯೆತ್ತಿತು: ಸೋಂಕನ್ನು ಒಂದು ಧರ್ಮದ ಸಂಚು ಎಂದು ಬಣ್ಣಿಸಲಾಯಿತು. ಆ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳೆರಡೂ ಮರ್ಕಜ್‌ಗೆ ಬಂದಿದ್ದ ವಿದೇಶಿಯರ ವಿರುದ್ಧ ದೊಡ್ಡ ಅಪಪ್ರಚಾರ ನಡೆಸಿದವು ಎಂದಿತು. 2021ರ ಜೂನ್‌ನಲ್ಲಿ ಇದೇ ಸುದ್ದಿಯ ಪ್ರಸಾರಕ್ಕಾಗಿ ಎರಡು ಕನ್ನಡ ಸುದ್ದಿವಾಹಿನಿಗಳಿಗೆ ಅವುಗಳ ಸ್ವಯಂ ನಿಯಂತ್ರಣ ಪ್ರಾಧಿಕಾರವೇ ದಂಡ ಹಾಕಿತು: ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50,000 ರೂಪಾಯಿ. ಮರ್ಕಜ್ ಪ್ರಕರಣದಲ್ಲಿ ಎಪ್ಪತ್ತು ಭಾರತೀಯರ ಮೇಲಿದ್ದ ಮೊಕದ್ದಮೆಗಳನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈನಲ್ಲಿ. ಆರೋಪ ಮುಖಪುಟದಲ್ಲಿ ಬಂದಿತ್ತು. ಬಿಡುಗಡೆ ಎಷ್ಟು ಜನರ ಕಣ್ಣಿಗೆ ಬಿತ್ತು?

ಇದ್ದದ್ದನ್ನು ಬರೆದರೆ ತಪ್ಪೇನು ಎನ್ನುವವರಿದ್ದಾರೆ. ಬ್ಯಾಂಕಿಗೆ ವಂಚಿಸಿದ ಮೇಲ್ಜಾತಿಯವನ ಜಾತಿಯೂ ಇದ್ದದ್ದೇ, ಅದನ್ನು ಯಾರೂ ತಲೆಬರಹ ಮಾಡುವುದಿಲ್ಲ. ನಿಜವನ್ನು ಹೀಗೆ ಆಯ್ದು ಬಡಿಸುವುದೂ ಸುಳ್ಳಿನ ಒಂದು ಬಗೆ. ಜನರ ಮನಸ್ಸಿನಲ್ಲಿರುವುದನ್ನೇ ಪತ್ರಿಕೆ ಬರೆಯುತ್ತದೆ ಎಂಬುದು ಮತ್ತೊಂದು ವಾದ. ಮೊಹರಂನಲ್ಲಿ ಹಿಂದೂಗಳೇ ಪೀರಲ ದೇವರನ್ನು ಹೊರುವ ಈ ಜಿಲ್ಲೆಯ ಹಳ್ಳಿಗಳನ್ನು ಬಲ್ಲವರು ಅದನ್ನು ಒಪ್ಪಲಾರರು. ಇನ್ನು ವಾಕ್ ಸ್ವಾತಂತ್ರ್ಯದ ಆತಂಕ ನನಗೂ ಇದೆ. ಪೊಲೀಸರ ಕೈಗೆ ಹೊಸ ಅಸ್ತ್ರ ಕೊಟ್ಟರೆ ಅದು ದುರ್ಬಲರ ಮೇಲೇ ತಿರುಗೀತು. ಪತ್ರಿಕಾ ಮಂಡಳಿಗೂ 1978ರ ಕಾಯ್ದೆ ಕೊಟ್ಟಿರುವುದು ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರವಷ್ಟೇ. ಹಾಗಾಗಿ ಹೊಣೆ ಸಂಪಾದಕರದ್ದು, ಕಾಸು ಕೊಟ್ಟು ಓದುವ ನಮ್ಮದೂ ಹೌದು. ಒಬ್ಬನ ತಪ್ಪನ್ನು ಕುಲಕ್ಕೆ ಅಂಟಿಸಿದ ತಲೆಬರಹ ಕಂಡ ದಿನವೇ ಸಂಪಾದಕರಿಗೆ ಪತ್ರ ಬರೆಯಿರಿ; ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ ಕೇಳಿ.