ವೀಸಾ ಬಂದ ಮನೆಯಲ್ಲಿ ಎಂಟನೇ ಕ್ಲಾಸಿನ ಮಗು

ಹತ್ತೂರು ಬಿಟ್ಟರೂ ಪುತ್ತೂರು ಬಿಡಬೇಡ ಎಂಬ ಗಾದೆಯಿರುವ ಸೀಮೆಯಿಂದಲೇ ಜನ ತಲೆಮಾರುಗಳಿಂದ ಊರು ಬಿಡುತ್ತ ಬಂದಿದ್ದಾರೆ. ಮೊದಲು ಮುಂಬೈಯ ಹೋಟೆಲುಗಳಿಗೆ, ಆಮೇಲೆ ದುಬೈ, ಕುವೈತ್, ದಮ್ಮಾಮ್‌ಗಳಿಗೆ. ಈಗೀಗ ನರ್ಸಿಂಗ್ ಕಲಿತವರು ಐರ್ಲೆಂಡ್, ಇಂಗ್ಲೆಂಡ್, ಜರ್ಮನಿಗೆ. ಗಂಡನೋ ಹೆಂಡತಿಯೋ ಮೊದಲು ಹೋಗಿ ನೆಲೆ ಕಂಡುಕೊಳ್ಳುತ್ತಾರೆ, ಸ್ವಲ್ಪ ಕಾಲದಲ್ಲಿ ಕುಟುಂಬದ ವೀಸಾ ಬರುತ್ತದೆ. ಪುಟ್ಟ ಮಕ್ಕಳಾದರೆ ಸೊಂಟದ ಮೇಲೆ ಕೂರಿಸಿಕೊಂಡು ವಿಮಾನ ಹತ್ತಬಹುದು. ಮನೆಯಲ್ಲಿ ಏಳನೆಯದೋ ಎಂಟನೆಯದೋ ಕ್ಲಾಸಿನ ಮಗುವಿದ್ದರೆ ಮಾತ್ರ ಚರ್ಚೆ ಶುರುವಾಗುತ್ತದೆ. ಅಲ್ಲಿಯ ಹೈಸ್ಕೂಲಿಗೆ ಸೇರಿಸುವುದೋ, ಅಜ್ಜಿಮನೆಯಲ್ಲಿ ಬಿಟ್ಟು ಎಸ್ಸೆಸ್ಸೆಲ್ಸಿ ಮುಗಿಸುವುದೋ, ಹಾಸ್ಟೆಲಿಗೆ ಹಾಕುವುದೋ?

ಲೆಕ್ಕಾಚಾರದ ಮಾತು ಬೇಗ ಮುಗಿಯುತ್ತದೆ. ಗಲ್ಫಿನ ಭಾರತೀಯ ಶಾಲೆಗಳಲ್ಲಿ ಹೆಚ್ಚಿನವು ಸಿಬಿಎಸ್‌ಇ ಪಠ್ಯದವು. ಸಿಇಟಿಯಲ್ಲಿ ರಾಜ್ಯದ ಸೀಟು ಬೇಕಿದ್ದರೆ ಸಾಮಾನ್ಯವಾಗಿ ಮಗು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಹತ್ತನೆಯದ್ದನ್ನೋ ಹನ್ನೆರಡನೆಯದ್ದನ್ನೋ ಇಲ್ಲಿಯೇ ಪಾಸು ಮಾಡಿರಬೇಕು. ಆ ಒಂದು ನಿಯಮಕ್ಕಾಗಿಯೇ ಎಷ್ಟೋ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಗಲ್ಫಿನಿಂದ ಊರಿಗೆ ಮರಳುತ್ತಾರೆ. ಫೀಸು, ಮನೆ ಬಾಡಿಗೆ, ಬಸ್ಸು, ಇವೆಲ್ಲ ಕೂಡಿ ಕಳೆದು ತೀರ್ಮಾನವಾಗುವ ಸಂಗತಿಗಳು. ಅದಾದ ಮೇಲೂ ಉಳಿಯುವ ಪ್ರಶ್ನೆಯನ್ನು ಮನೆಯ ಹಿರಿಯರು ಕೇಳುತ್ತಾರೆ: ಅಲ್ಲಿ ಸಂಸ್ಕಾರ ಸಿಗುವುದುಂಟಾ?

ಈ ಆತಂಕ ಒಂದು ಜಾತಿಯದಲ್ಲ, ಒಂದು ಮತದ್ದೂ ಅಲ್ಲ. ಸುಳ್ಯದ ತೋಟದ ನಡುವಿನ ಹವ್ಯಕರ ಮನೆಯಲ್ಲಿ ಉಪನಯನವಾದ ಹುಡುಗ ಅಲ್ಲಿ ಸಂಧ್ಯಾವಂದನೆ ಬಿಟ್ಟಾನೆಂಬ ಚಿಂತೆ. ಬ್ಯಾರಿ ಮನೆಯಲ್ಲಿ ಮಗಳು ಬೆಳಗಿನ ಮದ್ರಸ ಮುಗಿಸಿ ಶಾಲೆಗೆ ಹೋಗುವವಳು. ಐದು, ಏಳು, ಹತ್ತನೇ ತರಗತಿಗಳಿಗೆ 'ಸಮಸ್ತ' ಎಂಬ ಮದ್ರಸ ಮಂಡಳಿ ನಡೆಸುವ ಪಬ್ಲಿಕ್ ಪರೀಕ್ಷೆಯ ಮಧ್ಯೆ ಊರು ಬಿಟ್ಟರೆ ಹೇಗೆ ಎಂಬ ಚಿಂತೆ. ಅರೆಭಾಷೆ ಗೌಡರ ಮನೆಯಲ್ಲಿ ದೈವದ ನೇಮಕ್ಕೆ ಮುಂದೆ ನಿಲ್ಲುವವರು ಯಾರು ಎಂಬ ಮಾತು. ಕಡಬ, ನೆಲ್ಯಾಡಿ ಕಡೆ ಕೇರಳದಿಂದ ಬಂದು ರಬ್ಬರು ಬೆಳೆದ ಕ್ರೈಸ್ತ ಕುಟುಂಬಗಳಿವೆ. 2010ರಲ್ಲಿ ಪುತ್ತೂರು ಸೀರೋ ಮಲಂಕರ ಕೆಥೋಲಿಕರ ಧರ್ಮಪ್ರಾಂತ್ಯವೂ ಆಯಿತು. ಅಜ್ಜನ ಕಾಲದಲ್ಲಿ ಒಮ್ಮೆ ವಲಸೆ ಬಂದ ಆ ಮನೆಯವರಿಗೂ ಮೊಮ್ಮಗಳು ಭಾನುವಾರದ ಧರ್ಮೋಪದೇಶ ಮರೆತಾಳೆಂಬ ಭಯ ಇದ್ದೇ ಇದೆ. ಈ ಭಯವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ತಪ್ಪು. ತಮಗೆ ಬೆಲೆಯುಳ್ಳದ್ದು ಮಕ್ಕಳಿಗೆ ಸಿಗಲಿ ಎಂದು ಹಂಬಲಿಸದ ತಂದೆತಾಯಿಯರು ಎಲ್ಲಿದ್ದಾರೆ? ಆದರೆ ಈ ಇಡೀ ಚರ್ಚೆಯಲ್ಲಿ ಮಗುವಿನ ದನಿ ಕೇಳಿಸುವುದಿಲ್ಲ. ಅದರ ಧರ್ಮವನ್ನು ಅದಕ್ಕಾಗಿ ಯಾರು ಆರಿಸಬೇಕು, ಎಷ್ಟು ವಯಸ್ಸಿನವರೆಗೆ?

ಈ ಪ್ರಶ್ನೆಗೆ ಇದೇ ಸೀಮೆಯಲ್ಲಿ ದೊಡ್ಡ ಉದಾಹರಣೆಯೊಂದಿದೆ. ಈಗ ಕಡಬ ತಾಲೂಕಿಗೆ ಸೇರಿರುವ ರಾಮಕುಂಜದಲ್ಲಿ 1931ರಲ್ಲಿ ವೆಂಕಟರಾಮ ಎಂಬ ಹುಡುಗ ಹುಟ್ಟಿದ. ಊರಿನ ಸಂಸ್ಕೃತ ಶಾಲೆಯಲ್ಲಿ ಅಕ್ಷರ ಕಲಿತ. 1938ರಲ್ಲಿ, ಏಳು ವರ್ಷದವನಿದ್ದಾಗ, ಹಂಪಿಯಲ್ಲಿ ಸನ್ಯಾಸ ಸ್ವೀಕರಿಸಿ ಪೇಜಾವರ ಮಠದ ವಿಶ್ವೇಶತೀರ್ಥರಾದ. ಏಳರ ಬಾಲಕ ಮದುವೆ, ಮನೆ, ಆಸ್ತಿ ಎಲ್ಲವನ್ನೂ ಬಿಟ್ಟುಕೊಡುವ ಮಾತು ಕೊಟ್ಟ. ಆ ಮಾತಿನ ಭಾರ ಅವನಿಗೆ ಆಗ ತಿಳಿದಿದ್ದೀತೆ? ಮುಂದೆ ಅವರು ದಲಿತರ ಕೇರಿಗೆ ನಡೆದುಹೋದರು. 2017ರಲ್ಲಿ ಉಡುಪಿ ಕೃಷ್ಣಮಠದ ಆವರಣದಲ್ಲಿ ಇಫ್ತಾರ್ ಕೂಟ ಏರ್ಪಡಿಸಿ ತಮ್ಮವರಿಂದಲೇ ಟೀಕೆ ಕೇಳಿದರು. ಬೇರೆಯವರು ಹಾಕಿಕೊಟ್ಟ ದಾರಿಯಲ್ಲಿ ಸ್ವಂತ ಹೆಜ್ಜೆ ಇಡುವುದು ಸಾಧ್ಯ ಎಂಬುದಕ್ಕೆ ಅವರ ಬದುಕು ಸಾಕ್ಷಿ. ಹಾಗೆಂದು ಎಳೆಯರ ಮೇಲೆ ಹೊರಿಸುವ ನಿರ್ಧಾರಗಳಿಗೆಲ್ಲ ಅದನ್ನು ಸಮರ್ಥನೆಯಾಗಿ ಹಿಡಿಯಲಾಗದು. ಅರಳಿದವರ ಹೆಸರು ಉಳಿಯುತ್ತದೆ, ಬಾಡಿದವರ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ಉಡುಪಿಯ ಶಿರೂರು ಮಠಕ್ಕೆ ಹದಿನೆಂಟು ತುಂಬದ ವಟುವನ್ನು ಪೀಠಾಧಿಪತಿಯಾಗಿ ಮಾಡಿದಾಗ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅಪ್ರಾಪ್ತ ವಯಸ್ಸಿನವರು ಸನ್ಯಾಸ ಸ್ವೀಕರಿಸಲು ಕಾನೂನಿನ ಅಡ್ಡಿಯಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಕಾನೂನಿನ ಅಡ್ಡಿಯಿಲ್ಲ ಎಂಬಲ್ಲಿಗೆ ನ್ಯಾಯಾಲಯದ ಕೆಲಸ ಮುಗಿಯುತ್ತದೆ; ತಂದೆತಾಯಿಯ ಕೆಲಸ ಅಲ್ಲಿಂದಲೇ ಶುರು.

ಹಳೆಯ ಗ್ರಂಥಗಳೂ ಈ ವಿಷಯದಲ್ಲಿ ಸುಮ್ಮನಿಲ್ಲ. ಕಠೋಪನಿಷತ್ತಿನ ನಚಿಕೇತ, ತಂದೆ ಬಡಕಲು ಹಸುಗಳನ್ನು ದಾನ ಮಾಡುವುದನ್ನು ನೋಡಿ, ತನ್ನನ್ನು ಯಾರಿಗೆ ಕೊಡುವೆ ಎಂದು ಮೂರು ಸಲ ಕೇಳುತ್ತಾನೆ. ತಂದೆ ಸಿಟ್ಟಿನಲ್ಲಿ ಯಮನ ಹೆಸರು ಹೇಳಿಬಿಡುತ್ತಾನೆ. ಹುಡುಗ ಹೊರಟೇಬಿಡುತ್ತಾನೆ. ಯಮನ ಬಳಿ ಅವನು ಬೇಡುವ ಮೊದಲ ವರ, ತಂದೆಯ ಮನಸ್ಸು ತಿಳಿಯಾಗಲಿ ಎಂಬುದು. ತನ್ನನ್ನು ಕೊಟ್ಟವನ ನೆಮ್ಮದಿಯನ್ನು ಮಗು ಮೊದಲು ಕೇಳುತ್ತದೆ! ಶಾಲೆ, ದೇಶ, ಸ್ನೇಹಿತರು ಒಟ್ಟಿಗೇ ಬದಲಾಗುವಾಗ ಅಪ್ಪನ ಮುಖ ನೋಡಿ 'ಆಯ್ತು' ಎನ್ನುವ ಮಕ್ಕಳು ಈಗಲೂ ಹಾಗೆಯೇ ಇದ್ದಾರೆ. ಆ 'ಆಯ್ತು' ಎಂಬುದನ್ನು ಒಪ್ಪಿಗೆಯೆಂದು ಬಗೆಯುವುದು ಹಿರಿಯರಿಗೆ ಸಲೀಸು.

ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆ ಬೇರೆ. ಗುರುವಿನ ಬಳಿ ಹೋಗಬೇಕೆಂಬ ಆಸೆ ಅವನದೇ. ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ತನಗೆ ಗೊತ್ತಿಲ್ಲವೆಂದು ಅವಳು ಇದ್ದದ್ದನ್ನು ಇದ್ದಂತೆ ಹೇಳಿ ಕಳಿಸುತ್ತಾಳೆ. ಗುರು ಗೌತಮ ಅವನನ್ನು ಸೇರಿಸಿಕೊಂಡದ್ದು ಆ ಸತ್ಯಕ್ಕಾಗಿಯೇ. ಇಲ್ಲಿ ಆಯ್ಕೆ ಮಗುವಿನದು, ಸತ್ಯ ತಾಯಿಯದು. ಊರು ಬಿಡುವ ಕುಟುಂಬಗಳಿಗೆ ಬೇಕಾದ ಮಾದರಿ ಇದೇ ಎನ್ನಬೇಕು. ಹೋಗುತ್ತಿರುವುದು ಯಾಕೆ, ಸಾಲ ಎಷ್ಟಿದೆ, ಎಷ್ಟು ವರ್ಷ ಅಲ್ಲಿ ಇರುವ ಅಂದಾಜು, ಮನೆಯವರ ಭಯ ಏನು ಎಂಬುದನ್ನು ಎಂಟನೇ ಕ್ಲಾಸಿನ ಮಗುವಿಗೆ ಮರೆಮಾಚದೆ ಹೇಳಬೇಕು.

ನಿರ್ಧಾರ ಪೋಷಕರ ಕೈಯಿಂದ ಮಗುವಿನ ಕೈಗೆ ದಾಟುವ ವಯಸ್ಸು ಕಾನೂನುಗಳಲ್ಲಿ ಒಂದೊಂದು ಕಡೆ ಒಂದೊಂದು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಕೂರಲು ಅಪ್ರಾಪ್ತರ ಪರವಾಗಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ನಮ್ಮ ಸಂವಿಧಾನದ 28ನೇ ವಿಧಿ. ಕನ್ನಡ ಮಾಧ್ಯಮದ ಪ್ರಕರಣದಲ್ಲಿ 2014ರ ಮೇ 6ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್ ಕೂಡ ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನದು, ಅದರ ಪರವಾಗಿ ಪೋಷಕರದು ಎಂದಿತು. ಜರ್ಮನಿಯ 1921ರ ಕಾಯ್ದೆ ಇನ್ನಷ್ಟು ಸೂಕ್ಷ್ಮವಾಗಿದೆ: ಧರ್ಮದ ಬಗ್ಗೆ ಪೋಷಕರ ಜಗಳ ನ್ಯಾಯಾಲಯಕ್ಕೆ ಬಂದರೆ ಹತ್ತು ತುಂಬಿದ ಮಗುವಿನ ಮಾತು ಕೇಳಬೇಕು, ಹನ್ನೆರಡಾದ ಮೇಲೆ ಅದರ ಇಚ್ಛೆಗೆ ವಿರುದ್ಧವಾಗಿ ಬೇರೆ ಮತದಲ್ಲಿ ಬೆಳೆಸುವಂತಿಲ್ಲ, ಹದಿನಾಲ್ಕಾದರೆ ನಿರ್ಧಾರ ಅದರದೇ. ಅಮೆರಿಕದಲ್ಲಿ ಅಮಿಶ್ ಪಂಗಡದ ತಂದೆತಾಯಿಯರು ಎಂಟನೇ ತರಗತಿಯ ಆಚೆಗೆ ಮಕ್ಕಳನ್ನು ಶಾಲೆಗೆ ಕಳಿಸೆವು ಎಂದಾಗ 1972ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ನ್ಯಾಯಮೂರ್ತಿ ಡಗ್ಲಾಸ್ ಮಾತ್ರ ಭಿನ್ನ ದನಿಯೆತ್ತಿ ಮಕ್ಕಳನ್ನೂ ಕೇಳಬೇಕೆಂದರು. ಎಂಟನೇ ಕ್ಲಾಸು ಎಂದರೆ ಪೋಷಕರ ಹಕ್ಕು ಕರಗುತ್ತ ಮಗುವಿನ ಹಕ್ಕು ಮೂಡುತ್ತಿರುವ ಹೊತ್ತು. ಆ ಹೊತ್ತಿನಲ್ಲೇ ವಿಮಾನದ ಟಿಕೆಟ್ ಬರುತ್ತದೆ.

ಅಲ್ಲಿಯ ಶಾಲೆಗಳು ಧರ್ಮದ ವಿಚಾರದಲ್ಲಿ ಏನು ಮಾಡುತ್ತವೆ ಎಂಬುದೂ ಗೊತ್ತಿರಬೇಕು. ಯುಎಇಯ ಖಾಸಗಿ ಶಾಲೆಗಳಲ್ಲಿ ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಶಿಕ್ಷಣ ಕಡ್ಡಾಯ. ಅರಬಿ ಭಾಷೆಯನ್ನು ಎಲ್ಲ ಮತದ ಮಕ್ಕಳೂ ಕಲಿಯಬೇಕು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಧರ್ಮಗಳ ಪರಿಚಯ ಪಾಠದ ಭಾಗ, ಸಾಮೂಹಿಕ ಪ್ರಾರ್ಥನೆಯ ನಿಯಮವೂ ಇದೆ. ಅದರಿಂದ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗಿದೆ. ಹತ್ತನೆಯ ನಂತರದ ಸಿಕ್ಸ್ತ್ ಫಾರ್ಮ್ ಮಕ್ಕಳು ಆ ಪ್ರಾರ್ಥನೆಯಿಂದ ತಾವಾಗಿಯೇ ಹೊರಗುಳಿಯಬಹುದು. ಲಂಡನ್ನಿನ ಹ್ಯಾರೋದಲ್ಲಿ 2008ರಲ್ಲಿ ಕೃಷ್ಣ ಅವಂತಿ ಎಂಬ, ಸರ್ಕಾರಿ ಹಣದಲ್ಲಿ ನಡೆಯುವ ಮೊದಲ ಹಿಂದೂ ಶಾಲೆ ಆರಂಭವಾಯಿತು. 2012ರಲ್ಲಿ ಅವಂತಿ ಹೌಸ್ ಹೈಸ್ಕೂಲೂ ಬಂತು. ನಮ್ಮ ಧರ್ಮದ ಶಾಲೆಯೇ ಸಿಕ್ಕಿದರೆ ಚಿಂತೆ ತೀರಿತು ಎಂದು ಕೆಲವರಿಗೆ ಅನ್ನಿಸುತ್ತದೆ. ತೀರುವುದಿಲ್ಲ. ಸಂಜೆ ಮನೆಯಲ್ಲಿ ದೀಪ ಹಚ್ಚುವವರಿಲ್ಲದಿದ್ದರೆ, ಐದು ಹೊತ್ತಿನ ನಮಾಜಿಗೆ ಮನೆಯ ಹಿರಿಯರೇ ನಿಲ್ಲದಿದ್ದರೆ, ಶಾಲೆಯ ಮೇಲೆ ಆ ಹೊಣೆ ಹೊರಿಸುವುದು ನ್ಯಾಯವಲ್ಲ. ಮಕ್ಕಳು ನಂಬಿಕೆಯನ್ನು ದಿನವೂ ಕಣ್ಣಾರೆ ನೋಡಿ ಕಲಿಯುತ್ತಾರೆ, ಆ ನೋಟ ಸಿಗುವುದು ಮನೆಯಲ್ಲಿ. ಶಾಲೆಯನ್ನು ಆರಿಸುವಾಗ ಕೇಳಬೇಕಾದದ್ದು ಬೇರೆ: ತನ್ನ ಮನೆಯ ಆಚರಣೆಯನ್ನು ಮಗು ಅಲ್ಲಿ ನಾಚದೆ ಹೇಳಿಕೊಳ್ಳಬಹುದೇ? ಅದನ್ನೇ ಪ್ರಶ್ನಿಸಬೇಕೆನಿಸಿದರೆ ಹೆದರದೆ ಪ್ರಶ್ನಿಸಬಹುದೇ?

ಹದಿಮೂರರ ಮಗುವಿಗೆ ಏನು ತಿಳಿಯುತ್ತದೆ ಎಂಬ ಆಕ್ಷೇಪ ಸಣ್ಣದಲ್ಲ. ಸ್ನೇಹಿತ ಇದ್ದಾನೆ ಎಂಬ ಕಾರಣಕ್ಕೆ ಊರಲ್ಲೇ ಇರುತ್ತೇನೆ ಎನ್ನಬಹುದು, ಮೊಬೈಲ್ ಸಿಗುತ್ತದೆಂದು ಹೋಗುತ್ತೇನೆ ಎನ್ನಬಹುದು. ಅಮೆರಿಕದ ತತ್ತ್ವಶಾಸ್ತ್ರಜ್ಞ ಜೋಯಲ್ ಫೈನ್‌ಬರ್ಗ್ 1980ರಲ್ಲಿ ಬರೆದ ಪ್ರಬಂಧದಲ್ಲಿ, ದೊಡ್ಡವರಾದ ಮೇಲೆ ಆರಿಸಿಕೊಳ್ಳಲು ದಾರಿಗಳು ತೆರೆದಿರಬೇಕು, ಅದು ಮಕ್ಕಳ ಹಕ್ಕು ಎಂದು ವಾದಿಸಿದ. ಒಪ್ಪಬೇಕಾದ ಮಾತು, ಆದರೆ ಅರ್ಧ ಮಾತ್ರ. ಯಾವ ಭಾಷೆಯನ್ನೂ, ಯಾವ ಹಬ್ಬವನ್ನೂ, ಯಾವ ನಂಬಿಕೆಯನ್ನೂ ಕೊಡದೆ, ದೊಡ್ಡವನಾದ ಮೇಲೆ ಆರಿಸಿಕೋ ಎಂದರೆ ಆರಿಸಲು ಮಗುವಿನ ಕೈಯಲ್ಲಿ ಏನಿದ್ದೀತು? ಬಿಡುವುದಕ್ಕೂ ಮೊದಲು ಒಂದನ್ನು ಹಿಡಿದಿರಬೇಕು. ಆದ್ದರಿಂದ ಕೊಡುವುದನ್ನು ಧಾರಾಳವಾಗಿ ಕೊಡಬೇಕು, ಇಟ್ಟುಕೊಳ್ಳುವ ತೀರ್ಮಾನವನ್ನು ಮಗುವಿಗೆ ಬಿಡಬೇಕು. ಕೊನೆಯ ಮಾತು ತಂದೆತಾಯಿಯದೇ ಆದರೂ, ಮಗುವಿನ ಮಾತು ಆ ನಿರ್ಧಾರವನ್ನು ಬದಲಿಸುವಷ್ಟು ತೂಕದ್ದಾಗಿರಬೇಕು. ಬರೀ ಶಾಸ್ತ್ರಕ್ಕೆ ಕೇಳಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ಇಂಗ್ಲೆಂಡಿನಲ್ಲಿ ಹೈಸ್ಕೂಲಿನ ಮೊದಲ ವರ್ಷಕ್ಕೆ ಅರ್ಜಿ ಹಾಕಲು ಹಿಂದಿನ ವರ್ಷದ ಅಕ್ಟೋಬರ್ 31 ಕೊನೆಯ ದಿನ, ಸೀಟು ತಿಳಿಯುವುದು ಮಾರ್ಚ್ 1ಕ್ಕೆ. ನಡುವರ್ಷದಲ್ಲಿ ಹೋದವರಿಗೆ ಖಾಲಿಯಿದ್ದ ಶಾಲೆಯಲ್ಲಷ್ಟೇ ಜಾಗ. ಗಲ್ಫಿನ ಭಾರತೀಯ ಶಾಲೆಗಳಲ್ಲಿ ಏಪ್ರಿಲ್‌ಗೆ ಮುಂಚೆಯೇ ಸೀಟು ತುಂಬಿರುತ್ತದೆ. ಎಂದರೆ, ವೀಸಾಕ್ಕೆ ಕಾಗದ ಹೊಂದಿಸುವ ಹೊತ್ತಿಗೇ ಮಗುವಿನ ಜೊತೆಗಿನ ಮಾತುಕತೆಯೂ ಶುರುವಾಗಬೇಕು. ಅಲ್ಲಿಯ ಎರಡು ಮೂರು ಶಾಲೆಗಳ ಪಠ್ಯ, ಭಾಷೆ, ಪ್ರಾರ್ಥನೆಯ ಕ್ರಮವನ್ನು ಅದರ ಮುಂದಿಟ್ಟು, ಅಜ್ಜಿಮನೆಯಲ್ಲಿ ಉಳಿಯುವುದಾದರೆ ಅಪ್ಪ ಅಮ್ಮ ವರ್ಷಕ್ಕೆ ಎಷ್ಟು ಸಲ ಬಂದಾರು ಎಂಬುದನ್ನೂ ಹೇಳಿ, ಉತ್ತರಕ್ಕೆ ಕೆಲವು ವಾರ ಕಾಯಲು ಆಗ ಮಾತ್ರ ಸಮಯವಿರುತ್ತದೆ.