ದಾರಿ ದಾಟುವ ಮಗು ಮತ್ತು ನಮ್ಮ ಧರ್ಮ

ಧರ್ಮವೆಂದೊಡನೆ ನಮ್ಮ ಮನಸ್ಸು ಮಠ, ಮಂದಿರ, ಪೂಜೆ, ವ್ರತಗಳ ಕಡೆಗೆ ಹರಿಯುತ್ತದೆ. ಊರ ಮುಂದಿನ ಡಾಂಬರು ರಸ್ತೆಯ ಕಡೆಗೆ ಹರಿಯುವುದಿಲ್ಲ. ಆದರೆ ಬಲವುಳ್ಳವನೂ ಬಲವಿಲ್ಲದವನೂ ಎದುರಾಗುವ ಎಡೆಯಲ್ಲೆಲ್ಲ ಧರ್ಮದ ಪ್ರಶ್ನೆ ಹುಟ್ಟುತ್ತದೆ. ಹೊರೆ ತುಂಬಿದ ಲಾರಿಯೂ, ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಎಂಟು ವರ್ಷದ ಮಗುವೂ ಒಂದೇ ರಸ್ತೆಯಲ್ಲಿ ಸಂಧಿಸಿದಾಗ ಯಾರು ಯಾರಿಗಾಗಿ ನಿಲ್ಲಬೇಕು? ಇದು ಬರಿಯ ಸಂಚಾರ ನಿಯಮದ ಮಾತಲ್ಲ, ನೀತಿಯ ಮಾತು. ಭಕ್ತಬಾಂಧವರು ಈ ಕುರಿತು ನಮ್ಮೊಡನೆ ತುಸು ಚಿಂತಿಸಬೇಕೆಂದು ಕೋರುತ್ತೇವೆ.

ಚಾಮರಾಜನಗರ ಜಿಲ್ಲೆ ಮೂರು ರಾಜ್ಯಗಳು ಕೂಡುವ ಸೀಮೆ. ಮೈಸೂರು, ನಂಜನಗೂಡು, ಬೇಗೂರು, ಗುಂಡ್ಲುಪೇಟೆಗಳ ಮೂಲಕ ಕೇರಳದ ಕಲ್ಲಿಕೋಟೆಗೆ ಹೋಗುವುದು 766ನೆಯ ರಾಷ್ಟ್ರೀಯ ಹೆದ್ದಾರಿ. ಗುಂಡ್ಲುಪೇಟೆಯಲ್ಲಿ ಕವಲೊಡೆದು ಹಂಗಳ, ಬಂಡೀಪುರಗಳನ್ನು ಹಾದು ಊಟಿಯ ಕಡೆಗೆ ಏರುವುದು 181. ಬೆಂಗಳೂರಿನಿಂದ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳ ಮೇಲೆ ಕೊಯಮತ್ತೂರಿಗೆ ಸಾಗುವುದು 948. ಹಿರಿಯರು ಇವನ್ನು 212, 67, 209 ಎಂಬ ಹಳೆಯ ಸಂಖ್ಯೆಗಳಿಂದಲೇ ಬಲ್ಲರು. ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು, ಕರಿಕಲ್ಲಿನ ಲಾರಿಗಳು, ಪ್ರವಾಸಿಗರ ಕಾರುಗಳು ಇವುಗಳ ಮೇಲೆ ಎಡೆಬಿಡದೆ ಓಡುತ್ತವೆ. ಹೆದ್ದಾರಿಗೆ ಸಂಖ್ಯೆ ಬರುವ ಎಷ್ಟೋ ಮೊದಲೇ ಇಲ್ಲಿ ಊರುಗಳಿದ್ದವು. ರಸ್ತೆ ಅಗಲವಾಯಿತು, ವೇಗ ಬೆಳೆಯಿತು; ಆದರೆ ರಸ್ತೆಯ ಒಂದು ಬದಿಗೆ ಮನೆ, ಮತ್ತೊಂದು ಬದಿಗೆ ಶಾಲೆ ಇರುವ ಊರು ಹಾಗೆಯೇ ಉಳಿಯಿತು. ಊರಿನ ನಡುವೆ ಹರಿದ ಈ ಹೊಳೆಯನ್ನು ನಮ್ಮ ಮಕ್ಕಳು ದಿನಕ್ಕೆ ಎರಡು ಬಾರಿಯಾದರೂ ದಾಟಬೇಕಾಗಿದೆ.

ಶಿಕ್ಷಣ ಹಕ್ಕಿನ ಕಾಯಿದೆಯನ್ನನುಸರಿಸಿ 2010ರಲ್ಲಿ ಬಂದ ಕೇಂದ್ರದ ನಿಯಮಗಳು, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕೆನ್ನುತ್ತವೆ. ಮನೆಯಿಂದ ಶಾಲೆಯ ದಾರಿಯಲ್ಲಿ ಎಳೆಯರಿಗೆ ಅಪಾಯವಿದ್ದರೆ ಅದನ್ನು ತಪ್ಪಿಸುವಂತೆ ಶಾಲೆಯ ನೆಲೆಯನ್ನು ಗೊತ್ತುಮಾಡಬೇಕೆಂದೂ ಹೇಳುತ್ತವೆ. ಮಗು ನಡೆದೇ ಬರುತ್ತದೆಂಬುದನ್ನೂ, ಆ ದಾರಿಯ ಅಪಾಯ ಹಿರಿಯರ ಹೊಣೆಯೆಂಬುದನ್ನೂ ಶಾಸನವೇ ಒಪ್ಪಿಕೊಂಡಿದೆ ಎಂದಾಯಿತು.

ಆದರೆ ನಾವು ಮಾಡುವುದೇನು? ಮಕ್ಕಳಿಗೆ ಎಚ್ಚರಿಕೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಎಚ್ಚರಿಕೆ ಹೇಳುವುದು ತಪ್ಪಲ್ಲ. ಅದರಲ್ಲೇ ನಮ್ಮ ಕರ್ತವ್ಯ ಮುಗಿಯಿತೆನ್ನುವುದು ತಪ್ಪು. ಸ್ವೀಡನ್ನಿನ ಮನೋವಿಜ್ಞಾನಿ ಸ್ಟೀನಾ ಸ್ಯಾಂಡಲ್ಸ್ ಅವರು 1960ರ ದಶಕದಲ್ಲಿಯೇ ಈ ವಿಷಯವನ್ನು ಅಭ್ಯಸಿಸಿ, ಎಳೆಯ ಮಕ್ಕಳನ್ನು ಬೋಧನೆಯೊಂದರಿಂದಲೇ ವಾಹನ ಸಂಚಾರಕ್ಕೆ ಒಗ್ಗಿಸಲಾಗದು, ಸಂಚಾರವನ್ನೇ ಮಕ್ಕಳಿಗೆ ಒಗ್ಗಿಸಬೇಕು ಎಂಬ ನಿಲುವಿಗೆ ಬಂದರು. ದೂರದ ವಾಹನದ ವೇಗವನ್ನು ಅಳೆಯುವ ಶಕ್ತಿ ಎಳೆಯ ಕಣ್ಣಿಗೆ ಇನ್ನೂ ಬಂದಿರುವುದಿಲ್ಲ. ಗೆಳೆಯ ಆಚೆ ಬದಿಯಿಂದ ಕೂಗಿದರೆ ಮಗುವಿಗೆ ಗೆಳೆಯನೊಬ್ಬನೇ ಕಾಣುತ್ತಾನೆ. ಇದು ಮಗುವಿನ ದೋಷವಲ್ಲ, ಮಗುತನದ ಸ್ವಭಾವ. ಬಾಲ್ಯವನ್ನೇ ಅಪರಾಧವೆಂದು ಎಣಿಸುವ ನ್ಯಾಯ ಎಂತಹ ನ್ಯಾಯ?

ವೇಗದ ಲೆಕ್ಕವನ್ನೂ ಇಷ್ಟು ನೋಡೋಣ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಚಾಲಕನು ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲಿಯೇ ವಾಹನ ಅಷ್ಟು ಮುಂದೆ ಬಂದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆದುದರಿಂದಲೇ 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ಸಮ್ಮೇಳನದ ಘೋಷಣೆಯು, ಪಾದಚಾರಿಗಳೂ ವಾಹನಗಳೂ ಬೆರೆಯುವಲ್ಲಿ ವೇಗವನ್ನು 30 ಕಿಲೋಮೀಟರಿಗೆ ಮಿತಿಗೊಳಿಸಲು ಕರೆಕೊಟ್ಟಿತು. ನಮ್ಮ ದೇಶದಲ್ಲಿ 2022ರೊಂದರಲ್ಲಿಯೇ ರಸ್ತೆ ಅಪಘಾತಗಳಿಂದ 1,68,491 ಜನ ಅಸುನೀಗಿದರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಕಾಲ್ನಡಿಗೆಯವರು.

ಹೆದ್ದಾರಿಯ ವೇಗವನ್ನು ತಡೆಯಲಾದೀತೆ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಬಂಡೀಪುರದ ಕಾಡಿನಲ್ಲಿ ರಾತ್ರಿಯ ವಾಹನಗಳಿಗೆ ಸಿಲುಕಿ ವನ್ಯಮೃಗಗಳು ಸಾಯುತ್ತಿದ್ದುದನ್ನು ಕಂಡು, 2009ರಲ್ಲಿ ಜಿಲ್ಲಾಡಳಿತವು ರಾತ್ರಿ 9ರಿಂದ ಬೆಳಗಿನ 6ರವರೆಗೆ ಅಲ್ಲಿಯ ಸಂಚಾರವನ್ನು ನಿಷೇಧಿಸಿತು. ವ್ಯಾಪಾರಕ್ಕೆ ತೊಂದರೆಯೆಂಬ ಕೂಗೆದ್ದಿತು, ನೆರೆ ರಾಜ್ಯದ ವಿರೋಧ ಬಂದಿತು. ಆದರೂ 2010ರಲ್ಲಿ ಕರ್ನಾಟಕ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಕಾಡಿನ ರಸ್ತೆಯಲ್ಲಿ ಉಬ್ಬುಗಳೂ ಬಂದವು. ಇದು ನಾವು ಅಭಿಮಾನಪಡಬೇಕಾದ ಕಾರ್ಯ. ಮಾತನಾಡಲಾರದ ಜೀವಕ್ಕಾಗಿ ಇಡಿಯ ರಾತ್ರಿ ಹೆದ್ದಾರಿಯನ್ನೇ ನಿಲ್ಲಿಸಬಲ್ಲ ಸಮಾಜಕ್ಕೆ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಅರ್ಧ ಗಂಟೆ ವೇಗವನ್ನು ತಗ್ಗಿಸುವುದು ಅಸಾಧ್ಯವೆಂದರೆ ನಂಬುವವರಾರು? ಜಿಂಕೆಗೆ ತೋರಿದ ದಯೆ ಊರಿನ ಗಡಿಯಲ್ಲಿ ನಿಂತುಬಿಡಬಾರದು.

ಮಠದ ಅಡ್ಡಪಲ್ಲಕ್ಕಿ ಉತ್ಸವ ಹೊರಟಾಗ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಯಾರೂ ಗೊಣಗುವುದಿಲ್ಲ, ಇಳಿದು ಕೈಮುಗಿಯುವವರೂ ಉಂಟು. ಜಂಗಮವೆಂದರೆ ಚಲಿಸುವ ಚೈತನ್ಯವೆಂದು ತಿಳಿದ ನಮಗೆ, ಪಲ್ಲಕ್ಕಿಯ ಮೇಲಿನ ಜಂಗಮ ಕಾಣುತ್ತದೆ. ರಸ್ತೆಯ ಅಂಚಿನಲ್ಲಿ ಅಂಜಿ ನಿಂತ ಪುಟ್ಟ ಜಂಗಮ ಕಾಣುವುದಿಲ್ಲ. ನಮಗಾಗಿ ಒಂದು ಗಂಟೆ ನಿಲ್ಲುವ ಭಕ್ತರು ಆ ಮಗುವಿಗಾಗಿ ಒಂದು ನಿಮಿಷ ನಿಂತರೆ ಅದನ್ನೇ ನಮಗೆ ಸಲ್ಲಿಸಿದ ಹೆಚ್ಚಿನ ಗೌರವವೆಂದು ಭಾವಿಸುತ್ತೇವೆ.

ಅನಾಹುತವಾದಾಗ ಹಣೆಬರಹವೆಂದು ನಿಟ್ಟುಸಿರಿಡುವುದು ನಮ್ಮಲ್ಲಿ ರೂಢಿ. ಶರಣರು ಬದುಕಿನ ಹೊಣೆಯನ್ನು ವಿಧಿಯ ತಲೆಗೆ ಕಟ್ಟಿ ಕುಳಿತವರಲ್ಲ. ನಮ್ಮ ನುಡಿಯಲ್ಲಿ ‘ಪರಿಹಾರ’ವೆಂಬ ಶಬ್ದಕ್ಕೆ ಎರಡು ಅರ್ಥ: ಕೇಡನ್ನು ನೀಗುವ ಉಪಾಯವೂ ಪರಿಹಾರ, ಕೇಡಾದ ಮೇಲೆ ಕೊಡುವ ಹಣವೂ ಪರಿಹಾರ. ಮೊದಲನೆಯದನ್ನು ಮರೆತ ಸಮಾಜ ಎರಡನೆಯದನ್ನು ಕೊಡುತ್ತಲೇ ಇರಬೇಕಾಗುತ್ತದೆ. ಹಣವು ಮಗುವನ್ನು ತಂದುಕೊಡುವುದಿಲ್ಲ. ಸಿಟ್ಟಿನಲ್ಲಿ ರಸ್ತೆ ತಡೆದು ರಾತ್ರೋರಾತ್ರಿ ಹಾಕಿದ ಬಣ್ಣವಿಲ್ಲದ, ಫಲಕವಿಲ್ಲದ ಉಬ್ಬು ಮತ್ತೊಬ್ಬ ಬೈಕು ಸವಾರನ ಪ್ರಾಣಕ್ಕೆ ಎರವಾಗಬಹುದು. ಕೋಪವೂ ವಿವೇಕದ ದಾರಿಯಲ್ಲಿ ನಡೆಯಬೇಕು. 1971ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತಾಗ ಅಲ್ಲಿಯ ತಂದೆತಾಯಿಗಳು ಬೀದಿಗಿಳಿದರು. ಆದರೆ ಅತ್ತು ಸುಮ್ಮನಾಗಲಿಲ್ಲ, ರಸ್ತೆಯ ರಚನೆಯೇ ಬದಲಾಗುವವರೆಗೆ ಬಿಡಲಿಲ್ಲ.

ಹಾಗಾದರೆ ನಮ್ಮಿಂದ ಆಗಬೇಕಾದುದೇನು? ನಮ್ಮ ಭಕ್ತರಲ್ಲಿ ಲಾರಿ, ಬಸ್ಸುಗಳ ಮಾಲೀಕರಿದ್ದಾರೆ, ಚಾಲಕರಿದ್ದಾರೆ. ವಾಹನ ನಡೆಸುವುದೂ ಕಾಯಕವೇ. ಟ್ರಿಪ್ಪಿನ ಲೆಕ್ಕದಲ್ಲಿ ಚಾಲಕನನ್ನು ಅವಸರಪಡಿಸುವ ಮಾಲೀಕನು ಆ ಕಾಯಕವನ್ನು ಕೆಡಿಸುತ್ತಾನೆ. ಪಂಚಾಯಿತಿಯ ಸದಸ್ಯರು ಶಾಲೆಯ ಬಳಿ ನೋಟಕ್ಕೆ ಅಡ್ಡಬರುವ ಗೂಡಂಗಡಿ, ಜಾಹೀರಾತು ಹಲಗೆಗಳನ್ನು ತೆರವುಮಾಡಿಸಲಿ. ಮಕ್ಕಳು ನಿಂತ ಬಸ್ಸಿನ ಮುಂದಿನಿಂದ ಓಡದಂತೆ ಬಸ್ ನಿಲುಗಡೆಯನ್ನು ತಕ್ಕ ಜಾಗದಲ್ಲಿ ಮಾಡಿಸಲಿ. ಶಾಲೆಯ ಗೇಟಿನಿಂದ ಮಕ್ಕಳು ನೇರವಾಗಿ ರಸ್ತೆಗೆ ನುಗ್ಗದಂತೆ ಕಂಬಿಬೇಲಿ ಇರಲಿ. ಬೆಳಿಗ್ಗೆ ಸಂಜೆ ಊರ ಹಿರಿಯರೊಬ್ಬರು ಕೆಂಪು ಬಾವುಟ ಹಿಡಿದು ಮಕ್ಕಳನ್ನು ಗುಂಪಾಗಿ ದಾಟಿಸಿದರೆ ಅದು ದಾಸೋಹಕ್ಕೆ ಕಡಿಮೆಯಾದುದಲ್ಲ.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಇಂದು ಎಂಜಿನಿಯರರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ರಸ್ತೆಯ ವಿನ್ಯಾಸದಲ್ಲಿ ಸುರಕ್ಷತೆಯ ಮಾನದಂಡಗಳನ್ನು ಪಾಲಿಸದೆ ಸಾವು ಸಂಭವಿಸಿದರೆ ಹೊಣೆಗಾರರಿಗೆ ದಂಡ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ದಂಡದ ಭಯಕ್ಕಿಂತ ಮೊದಲು ಋಣದ ನೆನಪು ನಿಮ್ಮನ್ನು ಎಚ್ಚರಿಸಲಿ. ನಿಮ್ಮ ಮೇಜಿನ ಮೇಲೆ ಹೆದ್ದಾರಿಯ ನಕ್ಷೆ ಬಂದಾಗ ಶಾಲೆ ಎಲ್ಲಿದೆ, ಮಕ್ಕಳು ಎಲ್ಲಿ ದಾಟುತ್ತಾರೆ ಎಂದು ಮೊದಲು ಕೇಳಿರಿ. ವೇಗಮಿತಿಯ ಫಲಕ, ಪಟ್ಟೆ ಬಳಿದ ದಾಟುದಾರಿ, ರಸ್ತೆಯ ನಡುವೆ ನಿಂತು ಉಸಿರಾಡಲು ಒಂದು ತಾಣ, ಅಗತ್ಯವಿದ್ದಲ್ಲಿ ಕೆಳಸೇತುವೆ ಇವು ನಕ್ಷೆಯಲ್ಲಿಯೇ ಇರಲಿ. ಒಂದು ಮಗುವಿನ ಸಾವಿನ ನಂತರ ಸೇರಿಸುವಂತಾಗದಿರಲಿ.

ನಾಳೆ ಬೆಳಿಗ್ಗೆ ನಿಮ್ಮೂರಿನ ಶಾಲೆಯ ಮುಂದೆ ಹತ್ತು ನಿಮಿಷ ನಿಂತು ನೋಡಿರಿ. ಅಲ್ಲಿ ಕೊರತೆಯಾಗಿರುವುದೇನೆಂದು ಕಂಡುಕೊಂಡು, ಈ ತಿಂಗಳ ಒಳಗೆ ಊರ ಹತ್ತು ಜನ ಸೇರಿ ಅದಕ್ಕೊಂದು ಅರ್ಜಿಯನ್ನಾದರೂ ಬರೆಯಿರಿ. ಎಲ್ಲ ಮಕ್ಕಳೂ ಸಂಜೆ ಸುಖವಾಗಿ ಮನೆ ಸೇರಲೆಂದು ಹಾರೈಸುತ್ತೇವೆ.